ಮಣ್ಣಿನ ಸಾಕ್ಷಿ, ಗ್ರಂಥದ ಸಾಕ್ಷಿ: ಬೈಬಲ್ ಪುರಾತತ್ತ್ವ ಪಂಥದ ಮೌಲ್ಯಮಾಪನ

ಪ್ಯಾಲೆಸ್ತೀನಿನ ನೆಲವನ್ನು 19ನೆಯ ಶತಮಾನದ ಉತ್ತರಾರ್ಧದಿಂದ ಸುಮಾರು ನೂರು ವರ್ಷಗಳ ಕಾಲ ಅಗೆದ ವಿದ್ವಾಂಸರಲ್ಲಿ ಬಹುಪಾಲು ಜನ ಒಂದು ಗ್ರಂಥದಲ್ಲಿ ಹೇಳಿರುವುದನ್ನೇ ಹುಡುಕಿಕೊಂಡು ಹೋದವರು. ಆ ಗ್ರಂಥ ಬೈಬಲ್. ಅದರ ಹಳೆಯ ಒಡಂಬಡಿಕೆ ಯೆಹೂದ್ಯರ ಧರ್ಮಗ್ರಂಥ, ಹೊಸ ಒಡಂಬಡಿಕೆ ಆದಿಕಾಲದ ಕ್ರೈಸ್ತರ ಬರಹಗಳ ಸಂಕಲನ. ಹೀಗೆ ಗ್ರಂಥವನ್ನು ಮುಂದಿಟ್ಟುಕೊಂಡು ನಡೆಸಿದ ಉತ್ಖನನಕ್ಕೆ ಬೈಬಲ್ ಪುರಾತತ್ತ್ವ ಎಂಬ ಹೆಸರು ನಿಂತಿತು. ಈ ಪಂಥ ಕಲಿಸಿದ್ದೆಷ್ಟು, ಕೆಡಿಸಿದ್ದೆಷ್ಟು ಎಂದು ತೂಗಿ ನೋಡಲು ಕನ್ನಡದ ಓದುಗರಿಗೆ ವಿಶೇಷ ಅನುಕೂಲವಿದೆ. ಬರಹ ಹೇಳುವುದಕ್ಕೂ ಉಳಿದ ಆಧಾರಗಳು ತೋರಿಸುವುದಕ್ಕೂ ತಾಳೆಯಾಗದಿದ್ದಾಗ ಏನು ಮಾಡಬೇಕೆಂಬ ಪ್ರಶ್ನೆಯನ್ನು ಕನ್ನಡ ನಾಡಿನ ಶಾಸನಶಾಸ್ತ್ರ ನೂರು ವರ್ಷಕ್ಕೂ ಹಿಂದೆಯೇ, ಗಂಗರ ತಾಮ್ರಪಟಗಳ ವಿಚಾರದಲ್ಲಿ ಎದುರಿಸಿತ್ತು.

ಬೈಬಲ್ ವಿದ್ವತ್ತಿನಲ್ಲಿ ಮೊದಲಿನಿಂದಲೂ ಎರಡು ಧಾರೆಗಳಿದ್ದವು. ಒಂದು ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ ಬೆಳೆದ ಗ್ರಂಥವಿಮರ್ಶೆ. ಮೋಶೆಯ ಹೆಸರಿನಲ್ಲಿ ಬಂದಿರುವ ಐದು ಪುಸ್ತಕಗಳು ಒಬ್ಬನ ಕೃತಿಯಲ್ಲ, ಬೇರೆ ಬೇರೆ ಕಾಲದ ನಾಲ್ಕು ಮೂಲಗಳನ್ನು ಹೆಣೆದು ಕಟ್ಟಿದವು ಎಂಬ ವಾದಕ್ಕೆ 1878ರಲ್ಲಿ ಯೂಲಿಯುಸ್ ವೆಲ್‌ಹೌಸೆನ್ ಪ್ರಬಲವಾದ ರೂಪ ಕೊಟ್ಟ. ಅವನ ವಾದದ ವಿವರಗಳು ಈಚೆಗೆ ಬಹಳ ಸಡಿಲಗೊಂಡಿವೆ, ಆದರೆ ಅದರ ಅಡಿಯಲ್ಲಿದ್ದ ಸೂತ್ರ ಇಂದಿಗೂ ಗಟ್ಟಿಯಾಗಿದೆ: ಒಂದು ಬರಹ ತಾನು ವರ್ಣಿಸುವ ಕಾಲಕ್ಕಿಂತ ಮೊದಲು ತಾನು ಹುಟ್ಟಿದ ಕಾಲಕ್ಕೆ ಸಾಕ್ಷಿಯಾಗುತ್ತದೆ. ಇನ್ನೊಂದು ಧಾರೆ ನೆಲಕ್ಕೆ ಇಳಿದವರದು. ಅಮೆರಿಕದ ಎಡ್ವರ್ಡ್ ರಾಬಿನ್ಸನ್ 1838ರಲ್ಲಿ ಅರಬ್ಬೀ ಬಲ್ಲ ಮಿಷನರಿ ಈಲೈ ಸ್ಮಿತ್‌ನ ಜೊತೆ ಊರೂರು ಸುತ್ತಿ, ಹಳ್ಳಿಗರ ಬಾಯಲ್ಲಿ ಉಳಿದಿದ್ದ ಹೆಸರುಗಳಿಂದ ಪ್ರಾಚೀನ ಸ್ಥಳಗಳನ್ನು ಗುರುತಿಸಿದ. 1890ರಲ್ಲಿ ಫ್ಲಿಂಡರ್ಸ್ ಪೆಟ್ರಿ ತೆಲ್ ಎಲ್-ಹೆಸಿ ಎಂಬ ದಿಬ್ಬದಲ್ಲಿ, ಸ್ತರದಿಂದ ಸ್ತರಕ್ಕೆ ಬದಲಾಗುವ ಮಡಕೆಯ ಆಕಾರವನ್ನು ಹಿಡಿದು ಸ್ತರದ ಕಾಲವನ್ನು ನಿರ್ಣಯಿಸಬಹುದೆಂದು ತೋರಿಸಿದ. ಅಲ್ಲಿಂದ ಮುಂದೆ ಒಡೆದ ಮಡಕೆಯ ಚೂರು ಇತಿಹಾಸದ ದಾಖಲೆಯಾಯಿತು.

ಈ ಎರಡನೆಯ ಧಾರೆಗೆ ಪಂಥದ ರೂಪ ಕೊಟ್ಟವನು ವಿಲಿಯಂ ಆಲ್‌ಬ್ರೈಟ್. ಚಿಲಿ ದೇಶದಲ್ಲಿ ಮಿಷನರಿ ದಂಪತಿಗಳಿಗೆ 1891ರಲ್ಲಿ ಹುಟ್ಟಿದ ಈ ಮಹಾವಿದ್ವಾಂಸ 1926ರಿಂದ 1932ರವರೆಗೆ ತೆಲ್ ಬೇತ್ ಮಿರ್ಸಿಮ್‌ನಲ್ಲಿ ನಡೆಸಿದ ಉತ್ಖನನದಿಂದ ಆ ನಾಡಿನ ಮಡಕೆಗಳ ಕಾಲಾನುಕ್ರಮಕ್ಕೆ ಭದ್ರವಾದ ಅಡಿಪಾಯ ಬಿತ್ತು. ಅವನೂ ಅವನ ಶಿಷ್ಯರಾದ ಅರ್ನೆಸ್ಟ್ ರೈಟ್, ಜಾನ್ ಬ್ರೈಟ್ ಮೊದಲಾದವರೂ ಜರ್ಮನ್ ವಿಮರ್ಶೆಯ ಸಂದೇಹಕ್ಕೆ ಮಣ್ಣಿನಿಂದಲೇ ಉತ್ತರ ಕೊಡಬಹುದೆಂದು ನಂಬಿದ್ದರು. ಇಸ್ರಾಯೇಲ್ಯರ ಮೂಲಪುರುಷ ಅಬ್ರಹಾಮನ ಕಾಲ ಕ್ರಿ.ಪೂ. ಎರಡನೆಯ ಸಹಸ್ರಮಾನದ ಆದಿಭಾಗದ್ದು, ಅವರನ್ನು ಕಾನಾನ್ ನಾಡಿಗೆ ನಡೆಸಿದ ಯೆಹೋಶುವನ ದಂಡಯಾತ್ರೆ ಕ್ರಿ.ಪೂ. 13ನೆಯ ಶತಮಾನದ್ದು ಎಂಬ ಚೌಕಟ್ಟು ಹೀಗೆ ಸಿದ್ಧವಾಯಿತು. ರೈಟ್‌ಗಂತೂ ದೇವರು ಇತಿಹಾಸದಲ್ಲಿ ನಡೆಸಿದ ಕಾರ್ಯಗಳೇ ನಂಬಿಕೆಯ ಆಧಾರ. ಆ ಘಟನೆಗಳು ನಡೆದಿರಲೇಬೇಕು. ಪಂಥದ ದೌರ್ಬಲ್ಯ ಇರುವುದು ಈ 'ಲೇಬೇಕು' ಎಂಬಲ್ಲಿಯೇ. ಅದು ಪ್ರಾಮಾಣಿಕತೆಯ ಕೊರತೆಯಾಗಿರಲಿಲ್ಲ. ಅಗೆಯುವ ಮೊದಲೇ ಉತ್ತರ ಗೊತ್ತಿದ್ದವರು ಮಣ್ಣಿಗೆ ಪ್ರಶ್ನೆ ಕೇಳುವ ರೀತಿಯೇ ಬದಲಾಗುತ್ತದೆ.

ಯೆರಿಕೋ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಯೆಹೋಶುವನ ಪುಸ್ತಕದ ಪ್ರಕಾರ ಕೊಂಬುಗಳ ಧ್ವನಿಗೂ ಜನರ ಆರ್ಭಟಕ್ಕೂ ಆ ಊರಿನ ಗೋಡೆ ಕುಸಿದು ಬಿತ್ತು. 1930ರಿಂದ 1936ರವರೆಗೆ ಅಲ್ಲಿ ಅಗೆದ ಜಾನ್ ಗಾರ್‌ಸ್ಟಾಂಗ್ ಉರುಳಿದ ಎರಡು ಸಾಲಿನ ಗೋಡೆಯನ್ನು ಕಂಡು, ಅದು ಕ್ರಿ.ಪೂ. 1400ರ ಸುಮಾರಿನದು, ಯೆಹೋಶುವನ ಕಾಲದ್ದೇ ಎಂದು ಸಾರಿದ. 1952ರಿಂದ 1958ರವರೆಗೆ ಕ್ಯಾಥ್ಲೀನ್ ಕೆನ್ಯನ್ ಅದೇ ದಿಬ್ಬವನ್ನು ಮತ್ತೆ ಅಗೆದಳು. ಕಂದಕದ ಪಕ್ಕದ ಗೋಡೆಯನ್ನು ನೆಟ್ಟಗೆ ಕೆತ್ತಿ ಉಳಿಸಿಕೊಂಡು, ಅದರಲ್ಲಿ ಕಾಣುವ ಮಣ್ಣಿನ ಒಂದೊಂದು ಪದರಕ್ಕೂ ಗುರುತು ಹಾಕಿ, ಯಾವ ಚೂರು ಯಾವ ಪದರದ್ದೆಂದು ದಾಖಲಿಸುವ ಕ್ರಮ ಅವಳದು. ಹಾಗೆ ನೋಡಿದಾಗ ಗಾರ್‌ಸ್ಟಾಂಗ್‌ನ ಗೋಡೆ ಅವನು ಹೇಳಿದ ಕಾಲಕ್ಕಿಂತ ಹಲವು ಶತಮಾನ ಹಿಂದಿನದಾಗಿತ್ತು. ಅದರ ಮೇಲೆ ಬೆಳೆದಿದ್ದ ಪಟ್ಟಣ ಕ್ರಿ.ಪೂ. 1550ರ ಸುಮಾರಿಗೆ ಸುಟ್ಟುಹೋಗಿತ್ತು. ಆಲ್‌ಬ್ರೈಟ್ ಪಂಥ ಯೆಹೋಶುವನಿಗೆ ಕೊಟ್ಟ ಕಾಲದಲ್ಲಿ ಅಲ್ಲಿ ಕೋಟೆಗೋಡೆಯುಳ್ಳ ಊರಿದ್ದ ಕುರುಹೇ ಸಿಗಲಿಲ್ಲ. ಯೆಹೋಶುವ ಗೆದ್ದನೆನ್ನುವ ಎರಡನೆಯ ಊರು ಆಯಿ. ಅದೆಂದು ಗುರುತಿಸಿದ ಎತ್-ತೆಲ್ ಅಂತೂ ಆ ವೇಳೆಗೆ ಸಾವಿರ ವರ್ಷದಿಂದ ಪಾಳುಬಿದ್ದಿತ್ತು.

ಕೆನ್ಯನ್ ಈ ಕ್ರಮವನ್ನು ಕಲಿತದ್ದು ಮಾರ್ಟಿಮರ್ ವೀಲರ್ ಬಳಿ, ಇಂಗ್ಲೆಂಡಿನ ವೆರುಲೇಮಿಯಮ್‌ನಲ್ಲಿ. ಅದೇ ವೀಲರ್ ಭಾರತೀಯ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕನಾಗಿ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದ. ಅಲ್ಲಿಯ ಅಶೋಕನ ಶಾಸನವನ್ನು 1892ರಲ್ಲಿ ಬೆಳಕಿಗೆ ತಂದವನು ಬಿ. ಎಲ್. ರೈಸ್. ಶಾಸನ ಎದುರಿಗೇ ಇದ್ದರೂ ವೀಲರ್ ಸ್ತರಗಳ ಕಾಲವನ್ನು ಅದರಿಂದ ಎಳೆದು ತರದೆ, ಅರಿಕಮೇಡುವಿನಲ್ಲಿ ರೋಮನ್ ಸರಕುಗಳ ಜೊತೆ ಸಿಕ್ಕು ಕಾಲ ಖಚಿತವಾಗಿದ್ದ ಮಡಕೆಗಳೊಂದಿಗೆ ಹೋಲಿಸಿ ಕಟ್ಟಲು ಯತ್ನಿಸಿದ. ಅವನ ಕಾಲನಿರ್ಣಯವನ್ನು ಮುಂದಿನವರು ತಿದ್ದಿದರು. ತಿದ್ದಲು ಸಾಧ್ಯವಾದದ್ದು ಆಧಾರಗಳನ್ನು ಬೇರೆ ಬೇರೆಯಾಗಿ ದಾಖಲಿಸಿದ್ದರಿಂದಲೇ.

ಮೊದಲೇ ಪ್ರಸ್ತಾಪಿಸಿದ ಗಂಗರ ತಾಮ್ರಪಟಗಳ ವಿಚಾರದಲ್ಲೂ ಇಂಥದೇ ಪ್ರಶ್ನೆ ಎದ್ದಿತ್ತು. ನೆಲಮಂಗಲ ತಾಲ್ಲೂಕಿನ ಮಣ್ಣೆ ಒಂದು ಕಾಲಕ್ಕೆ ಮಾನ್ಯಪುರವೆನಿಸಿಕೊಂಡು ಗಂಗರ ರಾಜಧಾನಿಯಾಗಿತ್ತು. ಗಂಗ ಮಾರಸಿಂಹನ 797ರ ಮತ್ತು ರಾಷ್ಟ್ರಕೂಟರ 802ರ ತಾಮ್ರಪಟಗಳು ಅಲ್ಲಿಯವು. ಬೆಂಗಳೂರಿನಲ್ಲಿ ಮಿಷನರಿಯ ಮಗನಾಗಿ 1837ರಲ್ಲಿ ಹುಟ್ಟಿದ ರೈಸ್ ಇಂಥ ಶಾಸನಗಳನ್ನು ತಾಲ್ಲೂಕುವಾರು ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಅಚ್ಚುಹಾಕಿದ. ಬೆಂಗಳೂರು ಜಿಲ್ಲೆಯದು ಒಂಬತ್ತನೆಯ ಸಂಪುಟ. ಗಂಗರ ಆದಿಚರಿತ್ರೆಯನ್ನು ಅವನು ಈ ತಾಮ್ರಪಟಗಳ ವಂಶಾವಳಿಯ ಮೇಲೆ ನಿಲ್ಲಿಸಿದ. ಮುಂಬಯಿ ಪ್ರಾಂತದ ಅಧಿಕಾರಿಯೂ ನಿಷ್ಠುರ ಶಾಸನಜ್ಞನೂ ಆದ ಜೆ. ಎಫ್. ಫ್ಲೀಟ್ ಅವುಗಳಲ್ಲಿ ಬಹುಪಾಲು ಕೂಟಶಾಸನಗಳು, ಎಂದರೆ ಹಳೆಯ ಅರಸರ ಹೆಸರಿನಲ್ಲಿ ಮುಂದಿನವರು ಹುಟ್ಟುಹಾಕಿದವು ಎಂದು ತಳ್ಳಿಹಾಕಿದ. ಮಡಿಕೇರಿಯ ತಾಮ್ರಪಟ ಈ ವಾದದ ನಡುವೆ ನಿಂತಿತು. ಗಂಗ ಅರಸ ಅವಿನೀತನ ಹೆಸರು ಹೊತ್ತ ಆ ಪಟದಲ್ಲಿ 388ನೆಯ ವರ್ಷವೆಂದು ಬರೆದಿದೆ. ಅದನ್ನು ಶಕವರ್ಷವೆಂದು ತೆಗೆದುಕೊಂಡರೆ ಕ್ರಿ.ಶ. 466 ಆಗುತ್ತದೆ. ಆದರೆ ಅದರ ಲಿಪಿ ಹಲವು ಶತಮಾನ ಈಚಿನದು, ಜೊತೆಗೆ ಅಕಾಲವರ್ಷನ ಮಂತ್ರಿಯ ಪ್ರಸ್ತಾಪ ಅದರಲ್ಲಿದೆ. ಅಕಾಲವರ್ಷ ಎಂಬುದು ರಾಷ್ಟ್ರಕೂಟ ಅರಸರ ಬಿರುದು. ಹೀಗಾಗಿ ಪಟವೇ ತನ್ನ ನಿಜವಾದ ಕಾಲವನ್ನು ಹೇಳಿಬಿಡುತ್ತದೆ. ಕೊನೆಗೆ ಫ್ಲೀಟ್ ಕೂಡ, ಪೆನುಕೊಂಡದ ಪಟ ಸಿಕ್ಕಿದಾಗ ಅದು ಅಸಲಿಯೆಂದು ಒಪ್ಪಿದ. ಎಲ್ಲ ಪಟಗಳೂ ನಿಜವೆಂಬ ನಿಲುವೂ ಎಲ್ಲವೂ ಸುಳ್ಳೆಂಬ ನಿಲುವೂ ಉಳಿಯಲಿಲ್ಲ. ಒಂದೊಂದು ಪಟವನ್ನೂ ಅದರ ಲಿಪಿ, ಭಾಷೆ, ತಿಥಿವಾರ, ವಂಶಾವಳಿಗಳಿಂದ ಪ್ರತ್ಯೇಕವಾಗಿ ಪರೀಕ್ಷಿಸುವ ಶಿಸ್ತು ಉಳಿಯಿತು. ಕೂಟಶಾಸನವೂ ವ್ಯರ್ಥವಲ್ಲ, ಅದನ್ನು ಬರೆಸಿದ ಕಾಲದಲ್ಲಿ ಯಾವ ಭೂಮಿಯ ಹಕ್ಕಿಗೆ ಯಾವ ಪೂರ್ವಿಕರ ಆಸರೆ ಬೇಕಾಗಿತ್ತೆಂಬುದನ್ನು ಅದು ತಿಳಿಸುತ್ತದೆ.

ಮೋಶೆಯ ಹೆಸರಿನ ಐದು ಪುಸ್ತಕಗಳಲ್ಲಿ ಒಂದಾದ ಧರ್ಮೋಪದೇಶಕಾಂಡದ ವಿಚಾರದಲ್ಲಿ ಬೈಬಲ್ ವಿದ್ವಾಂಸರು ತಲುಪಿದ್ದು ಇದೇ ನಿರ್ಣಯಕ್ಕೆ. ಯೆಹೂದದ ಅರಸ ಯೋಷೀಯನ ಆಳ್ವಿಕೆಯಲ್ಲಿ, ಕ್ರಿ.ಪೂ. 622ರ ಸುಮಾರಿಗೆ, ದೇವಾಲಯದಲ್ಲಿ ಒಂದು ಧರ್ಮಶಾಸ್ತ್ರದ ಪುಸ್ತಕ ಸಿಕ್ಕಿತೆಂದೂ ಅದನ್ನು ಅನುಸರಿಸಿ ಅರಸ ಜೆರುಸಲೇಮಿನಾಚೆಯ ಪೂಜಾಸ್ಥಳಗಳನ್ನೆಲ್ಲ ಕೆಡವಿಸಿದನೆಂದೂ ಅರಸುಗಳ ಪುಸ್ತಕ ಹೇಳುತ್ತದೆ. ಬಲಿಪೂಜೆ ಒಂದೇ ಸ್ಥಳದಲ್ಲಿ ನಡೆಯಬೇಕೆನ್ನುವ ಪುಸ್ತಕ ಧರ್ಮೋಪದೇಶಕಾಂಡ. ಆದ್ದರಿಂದ ಅದರ ತಿರುಳು ಆ ಕಾಲದ್ದೇ ಎಂದು ಜರ್ಮನ್ ವಿದ್ವಾಂಸ ಡಿ ವೆಟ್ಟೆ 1805ರಲ್ಲೇ ಹೇಳಿದ್ದ. ನೈಲ್ ನದಿಯ ಎಲಿಫೆಂಟೈನ್ ದ್ವೀಪದಲ್ಲಿ ಸಿಕ್ಕ ಪಪೈರಸ್ ಹಾಳೆಗಳು, ಎಂದರೆ ಜೊಂಡಿನಿಂದ ಮಾಡಿದ ಬರವಣಿಗೆಯ ಹಾಳೆಗಳು, ಇದಕ್ಕೆ ಅನಿರೀಕ್ಷಿತವಾದ ಸಾಕ್ಷಿ ಒದಗಿಸಿದವು. ಕ್ರಿ.ಪೂ. 5ನೆಯ ಶತಮಾನದಲ್ಲಿ ಅಲ್ಲಿದ್ದ ಯೆಹೂದಿ ಸೈನಿಕರ ವಸತಿಗೆ ತನ್ನದೇ ದೇವಾಲಯವಿತ್ತು. ಅದನ್ನು ಈಜಿಪ್ಟಿನವರು ಕೆಡವಿದಾಗ, ಮತ್ತೆ ಕಟ್ಟಿಸಲು ನೆರವು ಬೇಡಿ ಆ ಜನ ಕ್ರಿ.ಪೂ. 407ರಲ್ಲಿ ಯೆಹೂದದ ಅಧಿಪತಿಗೆ ಪತ್ರ ಬರೆದರು. ಮೊದಲು ಜೆರುಸಲೇಮಿನ ಮಹಾಯಾಜಕನಿಗೆ ಬರೆದಿದ್ದಕ್ಕೆ ಉತ್ತರ ಬರಲಿಲ್ಲವೆಂಬುದೂ ಅದರಲ್ಲಿದೆ. ತಮ್ಮ ದೇವಾಲಯ ಧರ್ಮಬಾಹಿರವೆಂಬ ಅಳುಕು ಆ ಪತ್ರದಲ್ಲಿ ಎಲ್ಲಿಯೂ ಇಲ್ಲ. ಯೆಹೂದ್ಯಧರ್ಮವು ಮೋಶೆಯ ಕಾಲದಲ್ಲೇ ಪೂರ್ಣವಾಗಿ ರೂಪುಗೊಂಡಿತ್ತೆಂಬ ಕಲ್ಪನೆ ಈ ಒಂದು ಪತ್ರದ ಮುಂದೆ ನಿಲ್ಲಲಾರದು.

1974ರಲ್ಲಿ ಥಾಮಸ್ ಥಾಂಪ್ಸನ್, ಮರುವರ್ಷ ಜಾನ್ ವ್ಯಾನ್ ಸೀಟರ್ಸ್ ಅಬ್ರಹಾಮನ ಕಾಲದ ಬಗೆಗೆ ಆಲ್‌ಬ್ರೈಟ್ ಪಂಥ ಕೊಟ್ಟಿದ್ದ ಆಧಾರಗಳನ್ನು ಒಂದೊಂದಾಗಿ ಬಿಡಿಸಿ ಹಾಕಿದರು. ಪ್ಯಾಲೆಸ್ತೀನಿನ ಬೆಟ್ಟಸೀಮೆಯ ಸಮೀಕ್ಷೆಗಳಲ್ಲಿ ಕ್ರಿ.ಪೂ. 1200ರಿಂದ ಈಚೆಗೆ ಹುಟ್ಟಿದ ನೂರಾರು ಚಿಕ್ಕ ಹಳ್ಳಿಗಳು ಕಂಡವು. ಅವುಗಳ ಮಡಕೆಗಳು ಆ ನೆಲದ ಹಳೆಯ ನಿವಾಸಿಗಳಾದ ಕಾನಾನ್ಯರ ಮಡಕೆಗಳ ಮುಂದುವರಿಕೆಯೇ ಆಗಿದ್ದವು. ಇಸ್ರಾಯೇಲ್ಯರಲ್ಲಿ ಬಹುಮಂದಿ ಹೊರಗಿನಿಂದ ದಂಡೆತ್ತಿ ಬಂದವರಲ್ಲ, ಆ ನೆಲದವರೇ ಎಂಬ ಅಭಿಪ್ರಾಯ ಇಂದು ಬಲವಾಗಿದೆ. ಆದರೆ ಸಂದೇಹವಾದಿಗಳೂ ತಮ್ಮದೇ ಆದ 'ಲೇಬೇಕು' ಒಂದನ್ನು ಬೆಳೆಸಿಕೊಂಡರು. ಬೈಬಲ್ ಹೇಳುವ ಇಸ್ರಾಯೇಲ್ಯರ ಅರಸ ದಾವೀದ ಕೇವಲ ಕಥಾಪುರುಷ ಎಂದು ಕೆಲವರು ಬರೆಯುತ್ತಿದ್ದಾಗಲೇ, 1993ರಲ್ಲಿ ತೆಲ್ ದಾನ್‌ನಲ್ಲಿ ಕ್ರಿ.ಪೂ. 9ನೆಯ ಶತಮಾನದ ಅರಮೇಯಿಕ್ ಶಾಸನದ ತುಂಡು ಸಿಕ್ಕಿತು; ಶತ್ರು ರಾಜನೊಬ್ಬ ತನ್ನ ಗೆಲುವನ್ನು ಸಾರುತ್ತ 'ದಾವೀದನ ಮನೆ' ಎಂಬ ರಾಜವಂಶವನ್ನು ಅದರಲ್ಲಿ ಹೆಸರಿಸಿದ್ದಾನೆ. ಆ ಅಕ್ಷರಗಳಿಗೆ ಬೇರೆ ಅರ್ಥ ಹೊಂದಿಸಲು, ಕಲ್ಲೇ ಕೃತಕವೆನ್ನಲು ನಡೆದ ಪ್ರಯತ್ನಗಳು ಗಾರ್‌ಸ್ಟಾಂಗ್‌ನ ಗೋಡೆಗಿಂತ ಹೆಚ್ಚು ಭದ್ರವಾಗಿರಲಿಲ್ಲ. ದಾವೀದನ ಹೆಸರಿನ ವಂಶವಿತ್ತೆಂಬುದು ಆ ಕಲ್ಲಿನಿಂದ ತಿಳಿಯುತ್ತದೆ. ಅವನ ಸಾಮ್ರಾಜ್ಯ ಎಷ್ಟು ದೊಡ್ಡದೆಂಬುದು ತಿಳಿಯುವುದಿಲ್ಲ.

ಆದಿಕ್ರೈಸ್ತರ ವಿಷಯದಲ್ಲಿ ಈ ವಿದ್ವತ್ತಿನ ದೊಡ್ಡ ಸಾಧನೆ ಯೇಸುವನ್ನು ಅವನ ಯೆಹೂದಿ ಪರಿಸರಕ್ಕೆ ಮರಳಿ ಸೇರಿಸಿದ್ದು. ಹಿಂದಿನ ಪ್ರೊಟೆಸ್ಟೆಂಟ್ ವಿದ್ವಾಂಸರು ಫರಿಸಾಯರೆಂಬ ಯೆಹೂದಿ ಪಂಗಡದ ಧರ್ಮವನ್ನು ಒಣ ವಿಧಿನಿಷೇಧಗಳ ಕಟ್ಟು ಎಂದು ಚಿತ್ರಿಸಿ, ಆ ಹಿನ್ನೆಲೆಯಲ್ಲಿ ಯೇಸುವನ್ನೂ ಪೌಲನನ್ನೂ ಬೆಳಗಿಸುತ್ತಿದ್ದರು. ಇದು ಬರಿಯ ವಿದ್ವತ್ತಿನ ದೋಷವಲ್ಲ, ಒಂದು ಜನಾಂಗಕ್ಕೆ ಮಾಡಿದ ಅನ್ಯಾಯ. ಯುರೋಪಿನ ಯೆಹೂದಿದ್ವೇಷಕ್ಕೆ ಅದು ಪಾಂಡಿತ್ಯದ ಬಲ ಕೊಟ್ಟಿತು. 1947ರಿಂದ ಮೃತಸಮುದ್ರದ ಪಕ್ಕದ ಕುಮ್ರಾನ್ ಗುಹೆಗಳಲ್ಲಿ ಸಿಕ್ಕ ಹಸ್ತಪ್ರತಿ ಸುರುಳಿಗಳು ಆ ಕಾಲದ ಯೆಹೂದ್ಯಧರ್ಮ ಎಷ್ಟು ಬಹುಮುಖಿಯಾಗಿತ್ತೆಂದು ತೋರಿಸಿದವು, 1977ರಲ್ಲಿ ಇ. ಪಿ. ಸ್ಯಾಂಡರ್ಸ್ ಯೆಹೂದಿ ಮೂಲಗಳನ್ನೇ ಓದಿ, ದೇವರ ಕೃಪೆಯೇ ಅದರ ತಳಹದಿ, ವಿಧಿಪಾಲನೆ ಅದಕ್ಕೆ ಕೊಡುವ ಪ್ರತಿಸ್ಪಂದನವೆಂದು ನಿರೂಪಿಸಿದ. ಗಲಿಲಾಯದ ಊರುಗಳಲ್ಲಿ ಸಿಗುವ ಸುಣ್ಣಕಲ್ಲಿನ ಪಾತ್ರೆಗಳೂ ಶುದ್ಧೀಕರಣದ ಕೊಳಗಳೂ ಇದನ್ನೇ ಹೇಳುತ್ತವೆ: ಕಲ್ಲಿಗೆ ಮೈಲಿಗೆ ತಟ್ಟುವುದಿಲ್ಲವೆಂಬ ನಿಯಮವನ್ನು ಸಾಮಾನ್ಯ ರೈತರ ಮನೆಗಳಲ್ಲೂ ಪಾಲಿಸುತ್ತಿದ್ದರು. ಮಡಿಮೈಲಿಗೆಯ ಲೆಕ್ಕ ಬಲ್ಲ ನಾಡಿನ ಓದುಗರಿಗೆ ಕಾನಾ ಊರಿನ ಮದುವೆಮನೆಯ ಆರು ಕಲ್ಲಿನ ಬಾನೆಗಳ ಪ್ರಸಂಗ ಜರ್ಮನ್ ಪಂಡಿತರಿಗಿಂತ ಬೇಗ ತಿಳಿಯಬಹುದು.

ಉಳಿದಂತೆ ಈ ಕ್ಷೇತ್ರದ ಗಟ್ಟಿಯಾದ ಶೋಧಗಳು ಗಾತ್ರದಲ್ಲಿ ಸಣ್ಣವು. 1961ರಲ್ಲಿ ಕೈಸರೈಯದಲ್ಲಿ ಸಿಕ್ಕ ಯೇಸುವಿಗೆ ಮರಣದಂಡನೆ ವಿಧಿಸಿದ ರೋಮನ್ ಅಧಿಪತಿ ಪಿಲಾತನ ಹೆಸರಿನ ಕಲ್ಲು, 1968ರಲ್ಲಿ ಜೆರುಸಲೇಮಿನ ಹತ್ತಿರ ಸಿಕ್ಕ, ಶಿಲುಬೆಯ ಮೊಳೆ ಇನ್ನೂ ಚುಚ್ಚಿಕೊಂಡಿದ್ದ ಯೆಹೋಹಾನಾನ್ ಎಂಬವನ ಹಿಮ್ಮಡಿಯ ಮೂಳೆ, ಸಿರಿಯಾದ ದುರಾ ಯುರೋಪೋಸ್‌ನಲ್ಲಿ 3ನೆಯ ಶತಮಾನದಲ್ಲಿ ಪ್ರಾರ್ಥನಾಲಯವಾಗಿ ಮಾರ್ಪಾಡಾಗಿದ್ದ ಒಂದು ವಾಸದ ಮನೆ. ಇವುಗಳ ಬೆಲೆ ಇರುವುದು ಸಿಕ್ಕ ಸ್ಥಳ ಗೊತ್ತಿರುವುದರಲ್ಲಿ. 2002ರಲ್ಲಿ ಯೇಸುವಿನ ಸಹೋದರ ಯಾಕೋಬನದೆಂದು ಜಗತ್ತೆಲ್ಲ ಸುದ್ದಿಯಾದ ಅಸ್ಥಿಪೆಟ್ಟಿಗೆ ವ್ಯಾಪಾರದ ದಾರಿಯಲ್ಲಿ ಬಂದದ್ದು. ಅದರ ಮೇಲಿನ ಬರಹದ ಬಗ್ಗೆ ವರ್ಷಗಟ್ಟಲೆ ಮೊಕದ್ದಮೆ ನಡೆದು 2012ರಲ್ಲಿ ಆರೋಪಿ ನಕಲಿಯ ಆರೋಪದಿಂದ ಬಿಡುಗಡೆಯಾದರೂ, ಬರಹ ಅಸಲಿಯೆಂದು ಅದರಿಂದ ಸಿದ್ಧವಾಗಲಿಲ್ಲ.

ಓದುವ ಆಸೆಯೇ ಓದನ್ನು ರೂಪಿಸುವ ಅಪಾಯ ಕನ್ನಡಕ್ಕೂ ಹೊಸದಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನ ಕಸದ ದಿಬ್ಬಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ 1897ರಲ್ಲಿ ಯೇಸುವಿನ ಮಾತುಗಳ ಹಾಳೆಯೊಂದನ್ನು ಪಡೆದರು. ಅದು ತೋಮನ ಸುವಾರ್ತೆಯ ತುಣುಕೆಂದು ತಿಳಿದದ್ದು, 1945ರಲ್ಲಿ ನಾಗ್ ಹಮ್ಮಾದಿಯಲ್ಲಿ ಆ ಕೃತಿಯ ಕಾಪ್ಟಿಕ್ ಅನುವಾದ ಇಡಿಯಾಗಿ ಸಿಕ್ಕಿದ ಮೇಲೆ. ಅದೇ ದಿಬ್ಬಗಳಿಂದ ಬಂದು 1903ರಲ್ಲಿ ಅಚ್ಚಾದ 413ನೆಯ ಪಪೈರಸ್ಸಿನ ಗ್ರೀಕ್ ಪ್ರಹಸನದಲ್ಲಿ ಭಾರತದ ಪಾತ್ರಗಳು ಆಡುವ ಅರ್ಥವಾಗದ ಮಾತುಗಳನ್ನು ಶಾಸನಜ್ಞ ಹುಲ್ಷ್ ಮರುವರ್ಷ ಕನ್ನಡವೆಂದು ಊಹಿಸಿದ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಆ ಜಾಡಿನಲ್ಲಿ ಇನ್ನಷ್ಟು ಮುಂದೆ ಹೋದರು, 1926ರಲ್ಲಿ ಎಲ್. ಡಿ. ಬಾರ್ನೆಟ್ ಅದನ್ನು ಒಪ್ಪಲಿಲ್ಲ, ಆಮೇಲೆ ತುಳುವೆಂದು ವಾದಿಸಿದವರೂ ಬಂದರು. ಪದಗಳನ್ನು ಬೇಕಾದಲ್ಲಿ ಒಡೆಯುವ ಸ್ವಾತಂತ್ರ್ಯವಿದ್ದರೆ ಯಾವ ದ್ರಾವಿಡ ಭಾಷೆಯನ್ನಾದರೂ ಅಲ್ಲಿ ಕಾಣಬಹುದು. ಕೆಲವು ಪದಗಳ ಸಾಮ್ಯ ಕುತೂಹಲಕರ, ವಾಕ್ಯಗಳ ಓದು ಸಿದ್ಧವಾಗಿಲ್ಲ ಎಂಬಲ್ಲಿಗೆ ನಿಲ್ಲುವುದು ಕನ್ನಡದ ಮೇಲಿನ ಪ್ರೀತಿಗೆ ಕುಂದಲ್ಲ.

ಬಳ್ಳಾರಿಯ ಮಿಷನರಿ ಜಾನ್ ಹ್ಯಾಂಡ್ಸ್‌ನ ಕೈಯಿಂದ 1831ರಲ್ಲಿ ಪೂರ್ಣ ಬೈಬಲ್ ಕನ್ನಡಕ್ಕೆ ಬಂತು. ಮಂಜೇಶ್ವರದ ಗೋವಿಂದ ಪೈಗಳು, ಶಾಸನಗಳ ಸಂಶೋಧಕರೂ ಆಗಿದ್ದ ಕವಿ, ಯೇಸುವಿನ ಕಡೆಯ ದಿನವನ್ನು 'ಗೊಲ್ಗೊಥಾ' ಖಂಡಕಾವ್ಯವಾಗಿಸಿದರು. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು 1910ರಿಂದ ಪಾಠ ಹೇಳುತ್ತಿದೆ, ಆದರೆ ಅದರ ವಿದ್ವತ್ತಿನ ಭಾಷೆ ಮುಖ್ಯವಾಗಿ ಇಂಗ್ಲಿಷ್. ಹೀಗೆ ಬೈಬಲ್ ಕನ್ನಡದಲ್ಲಿ ಭಕ್ತಿಗೂ ಕಾವ್ಯಕ್ಕೂ ಒದಗಿದಷ್ಟು ಇತಿಹಾಸದ ಪರೀಕ್ಷೆಗೆ ಒದಗಿಲ್ಲ. ಎಲಿಫೆಂಟೈನ್ ಪತ್ರಗಳನ್ನೂ ಕುಮ್ರಾನಿನ ಸುರುಳಿಗಳನ್ನೂ ಮೂಲದಿಂದಲೇ ಕನ್ನಡಿಸುವ ಕೆಲಸ, ಧರ್ಮೋಪದೇಶಕಾಂಡಕ್ಕೆ ಮಡಿಕೇರಿಯ ಪಟವನ್ನು ಓದಬಲ್ಲ ಕಣ್ಣಿನಿಂದ ಟೀಕೆ ಬರೆಯುವ ಕೆಲಸ ಬಾಕಿ ಇವೆ. ಅದಕ್ಕೆ ಹೀಬ್ರೂ, ಅರಮೇಯಿಕ್ ಬಲ್ಲ ಸೆಮಿನರಿಯ ಅಧ್ಯಾಪಕರೂ ಹಳಗನ್ನಡ ಲಿಪಿ ಬಲ್ಲ ಶಾಸನಜ್ಞರೂ ಒಂದೇ ಮೇಜಿನ ಸುತ್ತ ಕೂರಬೇಕಾಗುತ್ತದೆ.