ಗುಡುಗು ಯಾರ ಕಿವಿಗೆ?

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದರೆ ಹಂಗಳ ಸಿಕ್ಕುತ್ತದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗುವುದು ಇಲ್ಲೇ. ಬೆಟ್ಟದ ಕಡೆ ಗುಡುಗಿದರೆ ಜನ ಮುಗಿಲು ನೋಡ್ತಾರೆ. ಮಳೆ ಬಂದರೆ ಬಿತ್ತನೆ, ಬಾರದಿದ್ದರೆ ಹೊಲ ಬೀಳು. ಈ ಬೀಳು ಅನ್ನೋ ಮಾತು ಕೇರಿಯವರಿಗೆ ರೂಪಕವಲ್ಲ, ಪ್ರತಿಮೆಯೂ ಅಲ್ಲ. ಸರ್ಕಾರಿ ಬೀಳಿಗೆ ದರಖಾಸ್ತು ಹಾಕಿ, ಕಚೇರಿ ಮೆಟ್ಟಿಲು ಸವೆಸಿ, ಸಿಕ್ಕ ತುಂಡು ನೆಲವನ್ನೂ ಸಾಲಕ್ಕೆ ಕಳಕೊಂಡವರು ನಮ್ಮವರು. ಅಂಥ ಜಮೀನು ಕೈತಪ್ಪಬಾರದು ಅಂತಲೇ 1978ರಲ್ಲಿ ಪರಭಾರೆ ನಿಷೇಧದ ಕಾಯ್ದೆ ಬಂತು.

ಇಲ್ಲಿ ನಿಂತು ಇನ್ನೊಂದು ಬೀಳಿನ ಮಾತಾಡಬೇಕಾಗಿದೆ. ಅದು ಟಿ.ಎಸ್. ಎಲಿಯಟ್ 1922ರಲ್ಲಿ ಪ್ರಕಟಿಸಿದ ‘ದಿ ವೇಸ್ಟ್ ಲ್ಯಾಂಡ್’. ಅದಕ್ಕೆ ನೂರು ತುಂಬಿದ್ದನ್ನು 2022ರಲ್ಲಿ ಸಾಹಿತ್ಯಲೋಕ ಸಂಭ್ರಮದಿಂದ ಆಚರಿಸಿತು. ಇಂಗ್ಲೆಂಡಿನಲ್ಲಿ ಆ ಕವಿಯ ಹೆಸರಿನ ಸೊಸೈಟಿಯೇ ಇದೆ. ಲಿಟಲ್ ಗಿಡಿಂಗ್ ಅನ್ನೋ ಪುಟ್ಟ ಹಳ್ಳಿಯಲ್ಲಿ ಅದರ ಬೇಸಿಗೆ ಉತ್ಸವ ನಡೆಯುತ್ತದೆ. ಕವಿ 1936ರಲ್ಲಿ ನೋಡಿ ಬಂದ, 1942ರಲ್ಲಿ ಅವನ ಪದ್ಯಕ್ಕೆ ಹೆಸರಾದ ಊರು ಅದು. ಅಭಿಮಾನಿಗಳು ಅಲ್ಲಿ ಸೇರಿ ಕವಿತೆ ಓದ್ತಾರೆ, ಉಪನ್ಯಾಸ ಕೇಳ್ತಾರೆ. ಇದನ್ನು ಕಂಡು ನಗಬೇಕಾದ್ದಿಲ್ಲ. ಪದ ಕೇಳೋದಕ್ಕೆ ದೂರದ ಊರಿಗೆ ಹೋಗೋದು ನಮ್ಮ ಜನಕ್ಕೂ ಗೊತ್ತು.

ನನ್ನ ತಕರಾರು ಉತ್ಸವದ ಮೇಲಲ್ಲ, ಉತ್ಸವಮೂರ್ತಿಯ ಮೇಲೆ. ಕವಿಯನ್ನು ಮೂರ್ತಿ ಮಾಡಿದ ಮೇಲೆ ಅಭಿಷೇಕ ಮಾಡಬಹುದು, ಪ್ರಶ್ನೆ ಕೇಳೋ ಹಾಗಿಲ್ಲ. ಇಂಗ್ಲಿಷ್ ಎಂ.ಎ. ತರಗತಿಗಳಲ್ಲಿ ಸಂಪ್ರದಾಯ ಕುರಿತ ಎಲಿಯಟ್ಟಿನ 1919ರ ಪ್ರಬಂಧ ಪಾಠವಾಗುತ್ತದೆ. 1933ರಲ್ಲಿ ಅವನು ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಆಡಿದ ಮಾತು ಎಷ್ಟು ಜನ ವಿದ್ಯಾರ್ಥಿಗಳ ಕಿವಿಗೆ ಬಿದ್ದಿದೆ? ಒಳ್ಳೆಯ ಸಮಾಜದಲ್ಲಿ ಒಂದೇ ಬಗೆಯ ಜನ ಇರಬೇಕು, ಸ್ವತಂತ್ರವಾಗಿ ಯೋಚಿಸುವ ಯಹೂದಿಗಳು ಹೆಚ್ಚಾಗಬಾರದು ಅನ್ನೋದು ಅದರ ತಾತ್ಪರ್ಯ. ಜರ್ಮನಿಯಲ್ಲಿ ಹಿಟ್ಲರ್ ಗದ್ದುಗೆ ಏರಿದ್ದೂ ಅದೇ ವರ್ಷ. ಆ ವಿಶ್ವವಿದ್ಯಾಲಯದೊಳಕ್ಕೆ ಆಗ ಕರಿಯ ವಿದ್ಯಾರ್ಥಿಗಳಿಗೆ ಪ್ರವೇಶವೇ ಇರಲಿಲ್ಲ. ಉಪನ್ಯಾಸಗಳು 1934ರಲ್ಲಿ ಪುಸ್ತಕವಾದವು. ಆಮೇಲೆ ಎಲಿಯಟ್ ಅದನ್ನು ಮರುಮುದ್ರಣ ಮಾಡಿಸಲಿಲ್ಲ. ಇಂಥವರು ಇಷ್ಟೇ ಇರಬೇಕು, ಇಂಥ ಕಡೆಯೇ ಇರಬೇಕು ಅನ್ನೋ ಕಟ್ಟಳೆ ಕೇರಿಯಲ್ಲಿ ಹುಟ್ಟಿದವನಿಗೆ ಹೊಸದೇನಲ್ಲ. ನಮ್ಮ ಊರುಗಳಲ್ಲೂ ಅದಕ್ಕೆ ಸಂಪ್ರದಾಯ ಅಂತಲೇ ಹೆಸರು.

ಈಗ 1922ರ ಲಂಡನ್ನಿಗೆ ಬನ್ನಿ. ಎಲಿಯಟ್ ಅಲ್ಲಿ ಲಾಯ್ಡ್ಸ್ ಬ್ಯಾಂಕಿನ ನೌಕರ. ಅದೇ ಕಾಲಕ್ಕೆ ಅದೇ ಊರಿನಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ರೂಪಾಯಿಯ ಸಮಸ್ಯೆ ಕುರಿತು ಮಹಾಪ್ರಬಂಧ ಸಿದ್ಧಪಡಿಸುತ್ತಿದ್ದರು. ಅಮೆರಿಕದಲ್ಲಿ ಹುಟ್ಟಿದ ಎಲಿಯಟ್ಟಿಗೆ ಹಾರ್ವರ್ಡಿನಲ್ಲಿ ಸಂಸ್ಕೃತ ಕಲಿಸಿದರು. ಈ ನೆಲದಲ್ಲೇ ಹುಟ್ಟಿದ ಅಂಬೇಡ್ಕರರಿಗೆ ಮುಂಬಯಿಯ ಶಾಲೆಯಲ್ಲಿ ಸಂಸ್ಕೃತ ಕಲಿಸಲಿಲ್ಲ, ಪರ್ಷಿಯನ್ ತಗೋಬೇಕಾಯ್ತು. ಪದ್ಯದ ಮೂರನೇ ಭಾಗಕ್ಕೆ ಬುದ್ಧನ ಉಪದೇಶವೊಂದರ ಹೆಸರಿದೆ. ಬರೆದ ಎಲಿಯಟ್ 1927ರಲ್ಲಿ ಇಂಗ್ಲೆಂಡಿನ ಚರ್ಚಿಗೆ ಸೇರಿದ. ಅದೇ ವರ್ಷ ಮಹಾಡಿನಲ್ಲಿ ಮನುಸ್ಮೃತಿ ಸುಟ್ಟ ಅಂಬೇಡ್ಕರ್ 1956ರಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬುದ್ಧನ ಬಳಿಗೆ ಹೋದರು. ಪದ್ಯದಲ್ಲಿ ಉಲ್ಲೇಖವಾಗಿದ್ದ ಬುದ್ಧ ಅಲ್ಲಿ ಜನರ ಬದುಕಾದ.

ಪದ್ಯದ ಕೊನೆಗೆ ಬೃಹದಾರಣ್ಯಕ ಉಪನಿಷತ್ತಿನ ಗುಡುಗು ಬರುತ್ತದೆ. ಪ್ರಜಾಪತಿ ತನ್ನ ಶಿಷ್ಯರಿಗೆ ‘ದ’ ಅಂದನಂತೆ. ದೇವತೆಗಳು ‘ಹತೋಟಿಯಲ್ಲಿರಿ’ ಅಂತ, ಮನುಷ್ಯರು ‘ಕೊಡಿ’ ಅಂತ, ಅಸುರರು ‘ದಯೆ ತೋರಿ’ ಅಂತ ತಿಳಿದರಂತೆ. ನಮ್ಮ ಪಂಡಿತರು ಇಲ್ಲಿಗೆ ಬಂದರೆ ಮೈಮರೀತಾರೆ, ನೋಡಿ ನಮ್ಮ ಉಪನಿಷತ್ತು ಲಂಡನ್ನಿಗೂ ಬೇಕಾಯ್ತು ಅಂತ. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಹುಯ್ಯಿರಿ ಅಂದ ಧರ್ಮಸೂತ್ರವೂ ಈ ನೆಲದ್ದೇ ಅನ್ನೋದು ಆಗ ನೆನಪಾಗೋದಿಲ್ಲ.

ಆ ಮೂರು ಮಾತನ್ನು ಕೇರಿಯಲ್ಲಿ ಕೂತು ಓದಿ ನೋಡಿ. ಕೊಡು ಅನ್ನೋದು ನಮಗೆ ಯಾಕೆ? ಬಿಟ್ಟಿ ಚಾಕರಿ ಕೊಟ್ಟಿದ್ದೀವಿ, ಜೀತಕ್ಕೆ ಮಕ್ಕಳನ್ನೇ ಕೊಟ್ಟಿದ್ದೀವಿ. ತಡಕೋ ಅನ್ನೋದನ್ನು ನಮ್ಮ ಅವ್ವಂದಿರು ಹಾಲಿನ ಜೊತೆ ಕುಡಿಸಿದ್ದಾರೆ. ದಯೆ ನಾವು ಕೇಳಿಲ್ಲ, ಹಕ್ಕು ಕೇಳಿದ್ದೀವಿ. ಇದೇ ಗುಡುಗನ್ನು ಒಡೆಯನ ಮನೆ ಕಡೆ ತಿರುಗಿಸಿ: ನೆಲ ಕೊಡು, ಎತ್ತಿದ ಕೈ ತಡಿ, ಮನುಷ್ಯನನ್ನು ಮನುಷ್ಯನಾಗಿ ಕಾಣು. ಆಗ ಪದ್ಯ ನಮ್ಮದೂ ಆಗುತ್ತದೆ. ಹೀಗೆ ತಿರುಗಿಸಿ ಓದೋದೇ ವಿಮರ್ಶೆ.

ನಮ್ಮ ನವ್ಯದ ಅಡಿಗ, ಅನಂತಮೂರ್ತಿ, ಲಂಕೇಶ್ ಮೂವರೂ ಇಂಗ್ಲಿಷ್ ಮೇಷ್ಟರುಗಳು. ಅಡಿಗರ ‘ಭೂಮಿಗೀತ’ವನ್ನು ಎಲಿಯಟ್ಟಿನ ಪದ್ಯದ ಪಕ್ಕದಲ್ಲಿಟ್ಟು ವಿಮರ್ಶಕರು ಓದಿದ್ದಾರೆ. ಆ ಸಹವಾಸದಿಂದ ಕನ್ನಡ ಕಾವ್ಯದ ಮಾತಿಗೆ ಬಿಗಿ ಬಂತು, ಒಪ್ಪೋಣ. ಆದರೆ 1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡದಲ್ಲಿ ಬೂಸಾ ಸಾಹಿತ್ಯವೇ ಹೆಚ್ಚು, ಇಂಗ್ಲಿಷ್ ಕಲಿಯಿರಿ ಅಂದಾಗ ಏನಾಯ್ತು? ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಯಾಯ್ತು, ಅವರ ಮಂತ್ರಿಗಿರಿ ಹೋಯ್ತು. ಇಂಗ್ಲಿಷ್ ಕವಿಯನ್ನು ಹೊತ್ತು ಮೆರೆಸಿದರೆ ಸಂಸ್ಕೃತಿ, ಕೇರಿ ಹುಡುಗನಿಗೆ ಇಂಗ್ಲಿಷ್ ಬೇಕು ಅಂದರೆ ನಾಡದ್ರೋಹ. ಇದೆಂಥ ನ್ಯಾಯ?

ಬನದ ಹುಣ್ಣಿಮೆಗೆ ನಮ್ಮ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ ಸಿದ್ಧಪ್ಪಾಜಿ ಜಾತ್ರೆ ಸೇರುತ್ತದೆ. ಜಾತಿ ನೋಡದೆ ಪಂಕ್ತಿಯಲ್ಲಿ ಕೂತು ಉಣ್ತಾರೆ. ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಕಾವ್ಯ ಹಾಡ್ತಾರೆ. ನಾರುವ ಮೈಯಲ್ಲಿ ಮಂಟೇಸ್ವಾಮಿ ಕಲ್ಯಾಣದ ಬಾಗಿಲಿಗೆ ಬರ್ತಾನೆ, ಶರಣರ ಊರಲ್ಲೇ ಅವನನ್ನು ತಡೀತಾರೆ. ಒಳಗೆ ಯಾರು, ಹೊರಗೆ ಯಾರು ಅಂತ ಕೇಳುವ ಈ ಕಾವ್ಯದ ಜಾತ್ರೆಯನ್ನು ಯಾವ ಸಾಹಿತ್ಯ ಸಂಘ ತನ್ನ ಕಾರ್ಯಕ್ರಮಪಟ್ಟಿಗೆ ಸೇರಿಸುತ್ತದೆ? ಈ ದನಿಯನ್ನು ಕಿವಿಯಲ್ಲಿಟ್ಟುಕೊಂಡೇ ದೇವನೂರ ಮಹಾದೇವ 1984ರಲ್ಲಿ ‘ಕುಸುಮಬಾಲೆ’ ಬರೆದರು. ಒಡೆದ ಲೋಕದ ಚೂರುಗಳಲ್ಲಿ ಕತೆ ಕಟ್ಟೋದಕ್ಕೆ ಅವರಿಗೆ ನಂಜನಗೂಡು ಸೀಮೆಯ ಕೇರಿಯ ಮಾತೇ ಸಾಕಾಯ್ತು.

ಹಂಗಳದ ಸುತ್ತಿನ ಮೇಷ್ಟರುಗಳೇ, ವಿದ್ಯಾರ್ಥಿ ಗೆಳೆಯರೇ, ಎಲಿಯಟ್ಟನ್ನು ಬಿಡಬೇಡಿ. ಇಂಗ್ಲಿಷನ್ನಂತೂ ಬಿಡಲೇಬೇಡಿ, ಬಾಬಾಸಾಹೇಬರು ಬರೆದದ್ದು ಬಹುಪಾಲು ಅದರಲ್ಲೇ. ಮುಂದೆ ಯಾರಾದರೂ ಆ ಕವಿಯ ಹೆಸರಲ್ಲಿ ಹಾರ ತಂದರೆ, ಅದೇ ವೇದಿಕೆಗೆ ಒಬ್ಬ ನೀಲಗಾರರನ್ನೂ ಕರೆಸಿ ಅಂತ ಕೇಳಿ. ಎರಡನ್ನೂ ಪೂರ್ತಿ ಕೇಳಿಸಿಕೊಳ್ಳಿ, ಎರಡಕ್ಕೂ ಪ್ರಶ್ನೆ ಹಾಕಿ. ಕಿವಿಗೆ ಸೀಸ ಹುಯ್ಯೋ ಕಾಲ ಹೋಯ್ತು. ಈಗ ಕೇಳಿದ್ದಕ್ಕೆ ಜವಾಬು ಕೊಡೋ ಸರದಿ ನಮ್ಮದು.