ರಾಯಣ್ಣನ ಲಾವಣಿಯಲ್ಲಿ ಊರುಗಳ ಸಾಕ್ಷಿ

ಸಂಗೊಳ್ಳಿ ರಾಯಣ್ಣನನ್ನು ಕುರಿತ ಲಾವಣಿ, ಎಂದರೆ ಡಪ್ಪು ತುಂತುಣಿಗಳೊಡನೆ ಮುಮ್ಮೇಳದವನು ಕತೆ ನಡೆಸುತ್ತ ಹೋದಂತೆ ಹಿಮ್ಮೇಳದವರು ಪಲ್ಲವಿಯನ್ನು ಎತ್ತಿ ಹಿಡಿಯುವ ಕಥನಗೀತೆ, ಬೆಳಗಾವಿ ಸೀಮೆಯಲ್ಲಿ ಒಬ್ಬ ಕವಿಯ ಒಂದೇ ಕೃತಿಯಾಗಿ ಉಳಿದು ಬಂದುದಲ್ಲ. ಶಾಸನತಜ್ಞನೂ ಮುಂಬಯಿ ಪ್ರಾಂತದ ಅಧಿಕಾರಿಯೂ ಆಗಿದ್ದ ಜೆ. ಎಫ್. ಫ್ಲೀಟ್ 19ನೆಯ ಶತಮಾನದ ಉತ್ತರಾರ್ಧದಲ್ಲಿ ಇಂಥ ಐತಿಹಾಸಿಕ ಲಾವಣಿಗಳನ್ನು ಬರೆಯಿಸಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದನಾದರೂ, ಹಾಡು ಬಾಯಿಂದ ಬಾಯಿಗೆ ಬೆಳೆಯುವುದು ನಿಲ್ಲಲಿಲ್ಲ. ಪಾಠ ಬದಲಾದರೂ ಕದಲದೆ ನಿಂತದ್ದು ಊರುಗಳ ಹೆಸರು: ಸಂಗೊಳ್ಳಿ, ಕಿತ್ತೂರು, ಬೀಡಿ, ಸಂಪಗಾಂವ, ನಂದಗಡ.

ಈ ಹೆಸರುಗಳ ಹಿಂದಿನ ಘಟನೆಗಳು ದಾಖಲೆಯಲ್ಲಿವೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಾಳಗದಲ್ಲಿ ಸತ್ತ ಮೇಲೂ ಕಿತ್ತೂರು ಸಂಸ್ಥಾನ ಉಳಿಯಲಿಲ್ಲ; ಅದರ ರಾಣಿ ಚನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಆ ಸಂಸ್ಥಾನದ ಶೇತಸನದಿಯಾಗಿದ್ದ, ಅಂದರೆ ಕಾವಲು ಸೇವೆಗೆ ಪ್ರತಿಯಾಗಿ ಹೊಲ ಪಡೆದಿದ್ದ, ರಾಯಣ್ಣ 1830ರ ಜನವರಿಯಲ್ಲಿ ಬೀಡಿಯ ಕಚೇರಿಗೆ ಬೆಂಕಿಯಿಟ್ಟು ಖಾನಾಪುರದ ಅಡವಿಯನ್ನು ಆಶ್ರಯಿಸಿದನು. ಏಪ್ರಿಲ್‌ನಲ್ಲಿ ಹಿಡಿಸಿಕೊಡಲ್ಪಟ್ಟು, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದನು.

ಊರ ಹೆಸರು ಹಾಡಿಗೆ ಏನು ಮಾಡುತ್ತದೆ ಎಂಬುದಕ್ಕೆ ದೂರದ ಹೋಲಿಕೆಯೊಂದು ಉಪಯುಕ್ತ. ಬಾಬಿ ಟ್ರೂಪ್ 1946ರಲ್ಲಿ ಪೆನ್ಸಿಲ್ವೇನಿಯಾದಿಂದ ಲಾಸ್ ಏಂಜಲೀಸಿಗೆ ಕಾರಿನಲ್ಲಿ ಹೋಗುತ್ತ ಕಟ್ಟತೊಡಗಿದ, ಮುಂದೆ 1964ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡವೂ ಹಾಡಿದ 'ರೂಟ್ 66' ಗೀತೆ ಹೆದ್ದಾರಿಯ ಊರುಗಳನ್ನು ಪಶ್ಚಿಮದ ದಿಕ್ಕಿಗೆ ಪೋಣಿಸುತ್ತದೆ. ಆದರೆ ಅರಿಜೋನಾ ಎಂಬುದಕ್ಕೆ ಪ್ರಾಸ ಬೇಕಾಗಿ, ಫ್ಲ್ಯಾಗ್‌ಸ್ಟಾಫಿಗಿಂತ ಮೊದಲೇ ಸಿಗುವ ವಿನೋನಾ ಅದರ ನಂತರ ಬರುತ್ತದೆ. ಅಲ್ಲಿ ಅದು ದೋಷವೆನಿಸುವುದಿಲ್ಲ. ಲಾವಣಿಕಾರನಿಗೆ ಆ ಸಲುಗೆ ಇಲ್ಲ. ಕೇಳುಗನೇ ಬೀಡಿಯವನೋ ನಂದಗಡದವನೋ ಆಗಿರುವಾಗ, ದಂಡಿನ ಲೆಕ್ಕವನ್ನು ಹತ್ತು ಪಟ್ಟು ಹೆಚ್ಚಿಸಿದರೂ ತಲೆದೂಗುವವನು ಊರು ತಪ್ಪಿದರೆ ಸುಮ್ಮನಿರಲಾರ.

ಆದ್ದರಿಂದ ಸ್ಥಳದ ಮಟ್ಟಿಗೆ ಈ ಪರಂಪರೆ ನಂಬಲರ್ಹ. ಕಾರಣದ ಮಟ್ಟಿಗೆ ದುರ್ಬಲ. ಸನದಿನ ಭೂಮಿಯನ್ನು ಕಸಿದುಕೊಂಡ ಕಂದಾಯ ನೀತಿ ಮತ್ತು ಕಿತ್ತೂರು ಅರಸು ಮನೆತನದ ದತ್ತುಪುತ್ರ ಶಿವಲಿಂಗಪ್ಪನ ಹಕ್ಕಿನ ನಿರಾಕರಣೆ ದಂಗೆಯ ಬೇರುಗಳಾಗಿದ್ದರೂ, ಹಾಡಿಕೆ ಒಲಿಯುವುದು ಊರ ಕುಲಕರ್ಣಿ ಮಾಡಿದ ಅವಮಾನದ ಕಡೆಗೆ. ಎದುರಾಳಿಗೆ ಮುಖ ಬೇಕೆಂಬುದು ಕಥನದ ಒತ್ತಾಯವಾದರೂ, ಅದರಿಂದ ಕಂಪನಿಯ ಆಡಳಿತ ಹಗುರವಾಗಿ ಪಾರಾಗುತ್ತದೆಂಬುದು ನಿಜ.

ಇನ್ನೊಂದು ಎಚ್ಚರವೂ ಅಗತ್ಯ. ಬೆಳಗಾವಿ ಪ್ರತ್ಯೇಕ ಜಿಲ್ಲೆಯಾದದ್ದು 1836ರಲ್ಲಿ, ಅಂದರೆ ರಾಯಣ್ಣ ಸತ್ತು ಐದು ವರ್ಷಗಳಾದ ಬಳಿಕ. ಆದುದರಿಂದ ಇಂದಿನ ಜಿಲ್ಲಾ ನಕ್ಷೆಯನ್ನು ಹಿಡಿದು ಲಾವಣಿಯಲ್ಲಿ ಬೆಳಗಾವಿ ನಗರಕ್ಕೆ ಕೇಂದ್ರಸ್ಥಾನವನ್ನು ಹುಡುಕುವುದು ಕೃತಿಗೆ ಸಲ್ಲದ ಓದು. ಆಗಸ್ಟ್ 15 ಹುಟ್ಟಿದ ದಿನ, ಜನವರಿ 26 ಮಡಿದ ದಿನ ಎಂಬ ಕಾಕತಾಳೀಯವನ್ನೇ ನೆಚ್ಚುವ ಇಂದಿನ ಭಾಷಣಗಳಿಗಿಂತ, ಬೀಡಿಯಿಂದ ನಂದಗಡಕ್ಕೆ ಕರೆದೊಯ್ಯುವ ಹಾಡಿಕೆಯಲ್ಲಿ ಇತಿಹಾಸ ಹೆಚ್ಚಿದೆ.