ರತ್ನನ ಮನಸ್ಸು, ನ್ಯಾಯದ ಕಣ್ಣು

ನವೆಂಬರ್ 1 ಬಂದಿತೆಂದರೆ ಗಡಿಯಾಚೆಯ ಕನ್ನಡ ಸಂಘಗಳ ವೇದಿಕೆಗಳಲ್ಲಿ ಜಿ. ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಕೇಳಿಬರುತ್ತವೆ. ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆ ಆ ಪದಗಳನ್ನು ಮನೆಮನೆಗೆ ಮುಟ್ಟಿಸಿತು. ಹಳೆಯ ಮೈಸೂರಿನ ಆ ಆಡುಮಾತು ನಮ್ಮ ಸೊಲ್ಲಾಪುರ ಸೀಮೆಯ ಮಕ್ಕಳ ಮನೆಮಾತಲ್ಲ; ಆದರೂ ಅವರು ಬಾಯಿಪಾಠ ಮಾಡಿ ಹಾಡುತ್ತಾರೆ, ಹಿರಿಯರು ತಲೆದೂಗುತ್ತಾರೆ. ಕನ್ನಡಕ್ಕಾಗಿ ನರಕಕ್ಕೂ ಸಿದ್ಧನಾದವನ ಪದವೆಂದು ಅದನ್ನು ಓದುವುದು ತಪ್ಪಲ್ಲ, ಆದರೆ ಅದು ಅರ್ಧ ಓದು. ಆ ಮಾತನ್ನು ಆಡುವವನು ಯಾರೆಂಬುದನ್ನು ನಾವು ಮರೆತಿದ್ದೇವೆ. ಅವನು ಕುಡುಕ. ವೇದಿಕೆಯ ಮೇಲೆ ಅವನಿಗೆ ಚಪ್ಪಾಳೆ ತಟ್ಟುವ ನಾವು, ಬೀದಿಯಲ್ಲಿ ಅಂಥವನನ್ನು ಕಂಡರೆ ಪೊಲೀಸರ ಪಾಲಿಗೆ ಬಿಟ್ಟು ಮುಂದೆ ನಡೆಯುತ್ತೇವೆ.

ರಾಜರತ್ನಂ ಅವರು ಕನ್ನಡದ ಪ್ರಾಧ್ಯಾಪಕರು, ಮಕ್ಕಳ ಕವಿ; ಪಾಲಿ ಭಾಷೆಯ ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದವರು. ಬುದ್ಧನ ಪಂಚಶೀಲಗಳಲ್ಲಿ ಐದನೆಯದು ಮದ್ಯದಿಂದ ದೂರವಿರುವುದು. ಅದನ್ನು ಚೆನ್ನಾಗಿ ಬಲ್ಲ ವಿದ್ವಾಂಸರು 1930ರ ದಶಕದಲ್ಲಿ ಒಬ್ಬ ಹೆಂಡಕುಡುಕನ ಬಾಯಿಂದ ಹಾಡಿಸಿದರು. ಅವರು ಕುಡಿತವನ್ನು ಹೊಗಳಲಿಲ್ಲ, ಕುಡುಕನನ್ನು ತಳ್ಳಲೂ ಇಲ್ಲ. ಪ್ರಸಿದ್ಧವಾದ ಆ ಪದದಲ್ಲಿ ದೇವರು ರತ್ನನ ಮುಂದೆ ಬರುತ್ತಾನೆ. ಹೆಂಡವನ್ನು ಬಿಡೆಂದರೆ ರತ್ನ ಒಪ್ಪುತ್ತಾನೆ, ಹೆಂಡತಿಯನ್ನು ಬಿಡೆಂದರೂ ಒಪ್ಪುತ್ತಾನೆ, ಕನ್ನಡವನ್ನು ಬಿಡೆಂದಾಗ ಮಾತ್ರ ತಿರುಗಿ ನಿಲ್ಲುತ್ತಾನೆ. ಶಿಕ್ಷೆಗಳನ್ನೆಲ್ಲ ತಾನೇ ಎಣಿಸಿ ಹೇಳಿ, ದಂಡಿಸುವವನಿಗೆ ತನ್ನ ಮನಸ್ಸು ಕಾಣದು ಎಂಬರ್ಥದ ಮಾತನ್ನಾಡುತ್ತಾನೆ. ನನ್ನ ದೃಷ್ಟಿಯಲ್ಲಿ ಆ ಪದದ ಜೀವ ಇರುವುದು ಇಲ್ಲಿ. ನ್ಯಾಯಾಧಿಪತಿಗೆ ಕೃತ್ಯ ಕಾಣುತ್ತದೆ. ಕೃತ್ಯದ ಹಿಂದಿನ ಮನಸ್ಸು ಕಾಣುವುದಿಲ್ಲ.

ಇದೇ ನೆಲೆಯಲ್ಲಿ ನೆನಪಾಗುವವನು ದಾಸ್ತೋವ್‌ಸ್ಕಿಯ ಮಾರ್ಮೆಲಾದೊವ್. ಸೈಬೀರಿಯದ ಓಮ್‌ಸ್ಕ್ ಸೆರೆಯಲ್ಲಿ ನಾಲ್ಕು ವರ್ಷ ಕಳೆದ ಆ ಲೇಖಕ 1865ರಲ್ಲಿ ಕುಡುಕರನ್ನೇ ಕುರಿತು ಒಂದು ಕಾದಂಬರಿ ಬರೆಯಲು ಹೊರಟಿದ್ದ. ಆ ವಸ್ತು ಮರುವರ್ಷ ಪ್ರಕಟವಾದ ‘ಅಪರಾಧ ಮತ್ತು ಶಿಕ್ಷೆ’ಯೊಳಗೆ ಸೇರಿಹೋಯಿತು. ಮಾರ್ಮೆಲಾದೊವ್ ಹೆಂಡತಿಯ ಪೆಟ್ಟಿಗೆಯಿಂದ ಸಂಬಳದ ಹಣವನ್ನು ಕದ್ದು ಕುಡಿದವನು. ಅವನೂ ದೇವರ ನ್ಯಾಯಸ್ಥಾನದ ಮಾತನ್ನೇ ಆಡುತ್ತಾನೆ: ಕಡೆಯಲ್ಲಿ ಕುಡುಕರನ್ನೂ ಒಳಗೆ ಕರೆಯುತ್ತಾನೆಂದು ನಂಬುತ್ತಾನೆ. ಆದರೆ ಇಬ್ಬರು ಲೇಖಕರ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ದಾಸ್ತೋವ್‌ಸ್ಕಿ ಆ ಕುಡುಕನ ಮನೆಯ ಬಾಗಿಲನ್ನು ತೆರೆದು ತೋರಿಸುತ್ತಾನೆ: ಕ್ಷಯದಿಂದ ಕೆಮ್ಮುವ ಹೆಂಡತಿ, ಹಸಿದ ಮಕ್ಕಳು, ಮನೆಗಾಗಿ ತನ್ನನ್ನೇ ಮಾರಿಕೊಂಡ ಮಗಳು. ರತ್ನನ ಪದದಲ್ಲಿ ಹೆಂಡತಿಯನ್ನು ಬಿಡುವ ಮಾತಿಗೆ ಸಭೆ ನಗುತ್ತದೆ. ಪುಟ್ನಂಜಿಯ ಮನಸ್ಸನ್ನು ಯಾರೂ ಕೇಳುವುದಿಲ್ಲ. ರಾಜರತ್ನಂ ಅವರ ಮೇಲಿನ ಗೌರವಕ್ಕೆ ಕುಂದು ಬಾರದಂತೆ ಹೇಳಬೇಕಾದ ಕೊರತೆಯಿದು. ಕುಡುಕನ ಮೇಲಣ ಕರುಣೆಯ ಬೆಲೆಯನ್ನು ಅವನ ಹೆಂಡತಿ ತೆರುವಂತಾಗಬಾರದು.

ಕಾನೂನು ಇರುವುದು ಪುಟ್ನಂಜಿಯಂಥವರ ರಕ್ಷಣೆಗಾಗಿಯೇ ತಾನೆ? ಹಾಗಾದರೆ ಅದು ಮಾಡುವುದೇನು? 1860ರ ಭಾರತೀಯ ದಂಡ ಸಂಹಿತೆಯು ಸಾರ್ವಜನಿಕ ಸ್ಥಳದಲ್ಲಿ ಕುಡಿದು ಕಿರುಕುಳ ಕೊಟ್ಟವನಿಗೆ 24 ಗಂಟೆಯವರೆಗಿನ ಸಜೆ, ಇಲ್ಲವೆ 10 ರೂಪಾಯಿವರೆಗಿನ ದಂಡ, ಅಥವಾ ಎರಡನ್ನೂ ವಿಧಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 355ನೆಯ ಕಲಂ ದಂಡವನ್ನು 1,000 ರೂಪಾಯಿಗೆ ಏರಿಸಿ, ಸಮುದಾಯ ಸೇವೆಯನ್ನೂ ಸೇರಿಸಿದೆ. ಸೇವೆ ಸೇರಿದ್ದು ಸಂತೋಷವೇ. ಆದರೆ ಆ ಕಲಮಿನಲ್ಲಿ ಚಿಕಿತ್ಸೆಯ ಮಾತಿಲ್ಲ. 1,000 ರೂಪಾಯಿ ದಂಡ ಕಟ್ಟಬೇಕಾದವಳು ಕೊನೆಗೆ ಪುಟ್ನಂಜಿಯೇ. ಅಮಲಿನಲ್ಲಿ ಎಸಗಿದ ಅಪರಾಧದ ವಿಷಯದಲ್ಲೂ ಕಾನೂನು ಇಬ್ಬರನ್ನೇ ಬಲ್ಲದು: ತಾನಾಗಿ ಕುಡಿದವನು, ಅರಿವಿಲ್ಲದೆ ಅಥವಾ ಬಲವಂತದಿಂದ ಕುಡಿಸಲ್ಪಟ್ಟವನು. ಮೊದಲ ಗುಟುಕನ್ನು ತಾನಾಗಿ ಕುಡಿದು, ಈಗ ಬಿಡಲಾರದ ಮೂರನೆಯವನೊಬ್ಬನಿದ್ದಾನೆ. ರತ್ನ ಆ ಮೂರನೆಯವನು. ನಮ್ಮ ಮಹಾರಾಷ್ಟ್ರದಲ್ಲಿ 1949ರ ಮದ್ಯನಿಷೇಧ ಕಾಯಿದೆ ಇಂದಿಗೂ ಇದೆ, ಕುಡಿಯಲು ಪರವಾನಗಿ ಬೇಕು, ಅಂಗಡಿಗಳೂ ಇವೆ. ಪರವಾನಗಿಯ ಕಾಗದಕ್ಕೂ ಮನಸ್ಸು ಕಾಣುವುದಿಲ್ಲ.

ಇದು ಬರಿಯ ಕಾವ್ಯದ ಮಾತಲ್ಲ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಅಲ್ಲಿಯ ಕೇಂದ್ರ ಕಾರಾಗೃಹದ 5,024 ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿಯನ್ನು ಪ್ರಕಟಿಸಿದರು. ಐವರಲ್ಲಿ ಸುಮಾರು ನಾಲ್ವರಿಗೆ ಮಾನಸಿಕ ಕಾಯಿಲೆಯೋ ವ್ಯಸನದ ತೊಂದರೆಯೋ ಇತ್ತು. ವ್ಯಸನವನ್ನು ಬಿಟ್ಟು ಎಣಿಸಿದರೂ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಮನಸ್ಸಿನ ಕಾಯಿಲೆಯಿತ್ತು. ಬೀಗ ಹಾಕಿದ ಕೋಣೆ ಕಾಯಿಲೆಯನ್ನು ಕಟ್ಟಿಹಾಕುವುದಿಲ್ಲ. ಸಜೆ ಮುಗಿದ ದಿನ ಅದೂ ಅವನೊಡನೆ ಮನೆಗೆ ಬರುತ್ತದೆ.

ಹಾಗೆಂದು ಕಾನೂನಿಗೆ ಕಣ್ಣೇ ಇಲ್ಲವೆನ್ನಲಾಗದು. 1985ರ ಮಾದಕ ದ್ರವ್ಯ ಕಾಯಿದೆಯ 64ಎ ಕಲಂ, ಸೇವನೆಯ ಆರೋಪ ಹೊತ್ತ ವ್ಯಸನಿ ತಾನಾಗಿ ಮುಂದೆ ಬಂದು ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಮದ್ಯ ಮತ್ತು ಮಾದಕ ದ್ರವ್ಯಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆಯೆಂದೇ ಎಣಿಸುತ್ತದೆ. ಪ್ರತಿ ರಾಜ್ಯದಲ್ಲೂ ಕಡೇಪಕ್ಷ ಒಂದು ಕಾರಾಗೃಹದಲ್ಲಿ ಮಾನಸಿಕ ಚಿಕಿತ್ಸೆಯ ವ್ಯವಸ್ಥೆ ಇರಬೇಕೆಂದು 103ನೆಯ ಕಲಂ ಹೇಳುತ್ತದೆ. ಇಡೀ ರಾಜ್ಯಕ್ಕೆ ಒಂದು ಎಂಬುದು ಸಾಲದು. ಆದರೂ ಬಾಗಿಲು ತೆರೆದಿದೆ. ಆ ಬಾಗಿಲಿನ ಬಳಿಗೆ ಹೋಗಲು ಮನೆಯವರಿಗೆ ನಾಚಿಕೆ. ಮೂರೂವರೆ ದಶಕ ಶಾಲೆಯಲ್ಲಿ ಕಳೆದ ನಾನು, ಅಪ್ಪನ ಕುಡಿತವನ್ನು ಮುಚ್ಚಿಡಲು ಸುಳ್ಳು ಹೇಳಿ ಸೋತ ಮಕ್ಕಳ ಮುಖಗಳನ್ನು ಬಲ್ಲೆ. ಮನೆಯವರು ಎರಡೇ ದಾರಿ ಕಾಣುತ್ತಾರೆ: ಮುಚ್ಚಿಡುವುದು, ಕೈಮೀರಿದಾಗ ಪೊಲೀಸ್ ಚೌಕಿ. ಅದಕ್ಕೂ ಮುಂಚೆ ಆಸ್ಪತ್ರೆಯೆಂಬ ಮೂರನೆಯ ದಾರಿ ಇದೆ. ಕೈಯೆತ್ತಿದ ಗಂಡಸಿಗೆ ಶಿಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಶಿಕ್ಷೆಯ ಜತೆಗೆ ಚಿಕಿತ್ಸೆಯೂ ಇರದಿದ್ದರೆ ಪೆಟ್ಟು ಮತ್ತೆ ಅದೇ ಬೆನ್ನಿನ ಮೇಲೆಯೇ ಬೀಳುತ್ತದೆ.

ರಾಜರತ್ನಂ ನಮಗೆ ಕೊಟ್ಟದ್ದು ಬರಿಯ ಭಾಷಾಭಿಮಾನದ ಘೋಷಣೆಯಲ್ಲ. ತೀರ್ಪು ಕೊಡುವ ಮುನ್ನ ಮನಸ್ಸನ್ನು ಕಾಣಬೇಕೆಂಬ ವಿವೇಕವನ್ನು ಅವರು ಕುಡುಕನ ಬಾಯಲ್ಲಿಟ್ಟರು. ಆ ವಿವೇಕವನ್ನು ರತ್ನನಿಗೂ, ಅವನ ಪದದಲ್ಲಿ ಮಾತು ಸಿಗದೆ ಹೋದ ಪುಟ್ನಂಜಿಗೂ ಸಮನಾಗಿ ಸಲ್ಲಿಸಿದಾಗಲೇ ಆ ಪದವನ್ನು ನಾವು ಪೂರ್ತಿ ಓದಿದಂತೆ.